ಯಾರೋ ಅಂಕಲ್

ತಿ. ನರಸೀಪುರದಲ್ಲಿ ನನ್ನ ತಂಗಿ ಪವಿತ್ರಾಳ ಮನೆಯ ಬೆಲ್ ಒತ್ತಿ ನಿಂತಾಗ ನನ್ನ ಕೈಯಲ್ಲಿ ಮೊಸರಿನ ಕ್ಯಾನು, ಹೆಗಲ ಮೇಲೆ ಕಬ್ಬಿನ ಕಟ್ಟು. ಆ ಕಬ್ಬಿನ ಸಲುವಾಗಿ ನಮ್ಮೂರು ದೇವನೂರಿನಿಂದ ನಂಜನಗೂಡಿನವರೆಗೆ ಒಬ್ಬ ಕಂಡಕ್ಟರ್ ಜೊತೆ, ಅಲ್ಲಿಂದ ಮುಂದಕ್ಕೆ ಇನ್ನೊಬ್ಬ ಕಂಡಕ್ಟರ್ ಜೊತೆ ಜಗಳವಾಡಿಕೊಂಡು ಬಂದಿದ್ದೆ. ಬಾಗಿಲು ತೆಗೆದವನು ಪವಿತ್ರಾಳ ಮಗ ಅರ್ಜು. ನನ್ನ ಮುಖ ನೋಡಿದ. ಕಬ್ಬು ನೋಡಿದ. ಒಳಗೆ ತಿರುಗಿ ಕೂಗಿದ.

"ಅಮ್ಮಾ, ಯಾರೋ ಅಂಕಲ್ ಬಂದಿದ್ದಾರೆ."

ನಾನು ಅವನ ಸೋದರಮಾವ. ಅವನಿಗೆ ಇಟ್ಟಿರುವುದು ನಮ್ಮಪ್ಪನ ಹೆಸರು, ಮಲ್ಲಿಕಾರ್ಜುನ್. ಹೋದ ಸಂಕ್ರಾಂತಿಗೆ ನಮ್ಮೂರಿಗೆ ಬಂದವನು ದನಗಳಿಗೆ ಕಿಚ್ಚು ಹಾಯಿಸುವುದನ್ನು ನನ್ನ ಹೆಗಲ ಮೇಲೆ ಕೂತು ನೋಡಿದ್ದ. ಬೆಂಕಿ ಮೇಲೆದ್ದಾಗ ಹೆದರಿ ನನ್ನ ತಲೆಗೂದಲನ್ನು ಕಿತ್ತು ಕೈಗೆ ತೆಗೆದುಕೊಂಡಿದ್ದ. ಆ ಕೂದಲು ಮತ್ತೆ ಬೆಳೆಯುವುದರೊಳಗೆ ನಾನು ಯಾರೋ ಆಗಿದ್ದೆ.

ಹೋಗಲಿ, ಮಗು ಎಂದುಕೊಂಡು ಒಳಗೆ ಕೂತೆ. ಗ್ಯಾಸ್ ಸಿಲಿಂಡರ್ ತಂದವನು ಬಂದ. ಹುಡುಗ ಕೂಗಿದ, ಗ್ಯಾಸ್ ಅಂಕಲ್ ಬಂದರು ಎಂದು. ಕೇಬಲ್ ನೋಡುವವನು ಬಂದ, ಅವನು ಕೇಬಲ್ ಅಂಕಲ್. ಪಕ್ಕದ ಮನೆಯ ರಿಟೈರ್ಡ್ ಪೊಲೀಸಿನವರು ಪೇಪರ್ ಕೇಳಿಕೊಂಡು ಬಂದರು, ಅವರು ಪೊಲೀಸ್ ಅಂಕಲ್. ಅವರಿಗೆಲ್ಲ ಮುಂದೊಂದು ಗುರುತಾದರೂ ಇತ್ತು. ನನಗೆ ಅದೂ ಇರಲಿಲ್ಲ.

ಪವಿತ್ರಾಳಿಗೆ ಹೇಳಿದೆ. ಅವಳು ಕಾಫಿಗೆ ಹಾಲಿಡುತ್ತಾ, ಸ್ಕೂಲಿನಲ್ಲಿ ಮಿಸ್ ಹಾಗೇ ಹೇಳಿಕೊಡುತ್ತಾರೆ, ಅವನು ಎಲ್ಲರನ್ನೂ ಹಾಗೇ ಕರೆಯುತ್ತಾನೆ, ಬೇಜಾರು ಮಾಡಿಕೊಳ್ಳಬೇಡ ಎಂದಳು. ನನಗೆ ಬೇಜಾರಾಗಿದ್ದೇ ಆ ಎಲ್ಲರೂ ಎನ್ನುವ ಮಾತಿಗೆ. ಅದನ್ನೇ ಅವಳು ಸಮಾಧಾನ ಎಂದು ನನ್ನ ಮುಂದೆ ಇಟ್ಟಳು.

ಇದು ಇಷ್ಟಕ್ಕೇ ಮುಗಿಯುವ ವಿಷಯವಾಗಿರಲಿಲ್ಲ. ಮುಂದಿನ ಸೋಮವಾರ ನಂಜನಗೂಡಿನಲ್ಲಿ ಹುಡುಗನ ಮುಡಿ ತೆಗೆಸುವುದಿತ್ತು. ಮೂರನೇ ವರ್ಷದಲ್ಲೇ ಆಗಬೇಕಿತ್ತು, ಅವನ ಅಪ್ಪನ ಕಡೆಯ ತಾತ ತೀರಿಕೊಂಡಿದ್ದರಿಂದ ಐದಕ್ಕೆ ಬಿದ್ದಿತ್ತು. ಹುಡುಗ ಜಡೆ ಹಾಕಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದ. ನಮ್ಮ ಮನೆತನದಲ್ಲಿ ಮುಡಿ ತೆಗೆಸುವಾಗ ಮಗು ಕೂರುವುದು ಸೋದರಮಾವನ ತೊಡೆಯ ಮೇಲೆ. ಯಾರ ತೊಡೆಯ ಮೇಲೆ ಮೊದಲ ಕೂದಲು ಬೀಳುತ್ತದೋ ಅವನೇ ಮುಂದೆ ಆ ಹುಡುಗನ ಕೈ ಹಿಡಿದು ಹಸೆಮಣೆಗೂ ಕರೆದುಕೊಂಡು ಹೋಗಬೇಕು. ನಡುವೆ ಬದಲಾಯಿಸುವಂತಿಲ್ಲ. ನನಗೆ ಅಕ್ಕ ಇಲ್ಲ, ಬೇರೆ ತಂಗಿಯೂ ಇಲ್ಲ. ನಾನು ಸೋದರಮಾವ ಎನ್ನಿಸಿಕೊಳ್ಳಬೇಕಾದರೆ ಈ ಒಬ್ಬ ಹುಡುಗನಿಂದಲೇ.

ಕಾಫಿ ಲೋಟ ಬರುವ ಹೊತ್ತಿಗೆ ನಾನು ಚಪ್ಪಲಿ ಮೆಟ್ಟಿಕೊಂಡಾಗಿತ್ತು.

"ಆ ಗ್ಯಾಸ್ ಅಂಕಲ್ ತೊಡೆ ಮ್ಯಾಲೇ ಕೂರ್‍ಸಿ ಮುಡಿ ತೆಗಸ್ಕೊಳ್ಳಿ" ಎಂದು ಹೇಳಿ ಹೊರಟುಬಂದೆ. ಕಾಫಿ ಕುಡಿಯಲಿಲ್ಲ. ಮೊಸರಿನ ಕ್ಯಾನು ಅಲ್ಲೇ ಉಳಿಯಿತು.

ಸೋದರಮಾವ ಮುನಿಸಿಕೊಂಡರೆ ಏನು ಮಾಡಬೇಕೆಂದು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹುಡುಗನ ಅಪ್ಪ ಮಾವನ ಮನೆಗೆ ಬರಬೇಕು. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು, ಮಾವನ ಕೈಗೆ ಕೊಟ್ಟು, ಬಂದು ನಡೆಸಿಕೊಡಿ ಎನ್ನಬೇಕು. ಮಾವ ಸ್ವಲ್ಪ ಹೊತ್ತು ಸೂರು ನೋಡುತ್ತಾನೆ, ಆಮೇಲೆ ತೆಗೆದುಕೊಳ್ಳುತ್ತಾನೆ. ಇದರಲ್ಲಿ ಅಪಮಾನದ ಮಾತಿಲ್ಲ. ನನ್ನ ಸೋದರಮಾವನೂ ನನ್ನ ಮುಡಿಗೆ ಮೊದಲು ಮುನಿಸಿಕೊಂಡಿದ್ದನಂತೆ, ಒಬ್ಬಟ್ಟಿಗೆ ತುಪ್ಪ ಸಾಲಲಿಲ್ಲ ಎಂದು.

ಭಾನುವಾರ ಬೆಳಿಗ್ಗೆ ಮಧುಕುಮಾರ್ ಮೇಷ್ಟ್ರ ಬೈಕು ನಮ್ಮ ಬೀದಿಗೆ ತಿರುಗಿದ್ದನ್ನು ಕೊಟ್ಟಿಗೆಯಿಂದಲೇ ಕಂಡೆ. ಪವಿತ್ರಾಳ ಗಂಡ ನರಸೀಪುರದ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾರೆ. ಒಳ್ಳೆಯ ಮನುಷ್ಯ, ಬೀಡಿ ಸೇದುವುದಿಲ್ಲ, ಇಸ್ಪೀಟು ಗೊತ್ತಿಲ್ಲ. ಇರುವ ಚಟ ಒಂದೇ. ಯಾವ ಪದ ಕಿವಿಗೆ ಬಿದ್ದರೂ ಅದು ಎಲ್ಲಿ ಹುಟ್ಟಿತು, ಯಾವ ದೇಶಕ್ಕೆ ಹೋಯಿತು, ಅಲ್ಲಿ ಏನಾಯಿತು ಎಂದು ಹೇಳದೆ ಬಿಡುವುದಿಲ್ಲ. ತಮ್ಮ ಮದುವೆಯ ಪಂಕ್ತಿಯಲ್ಲಿ ಚಟ್ನಿ ಎಂಬ ಪದ ಇಂಗ್ಲೆಂಡಿಗೆ ಹೋದ ಕಥೆ ಹೇಳುತ್ತಾ ಮಜ್ಜಿಗೆ ಬರುವವರೆಗೂ ಅನ್ನ ಮುಟ್ಟಿರಲಿಲ್ಲ.

ನಾನು ಕೈಕಾಲು ತೊಳೆದು, ಮಡಿ ಪಂಚೆ ಉಟ್ಟು, ಚಾಪೆ ಹಾಸಿದೆ. ನನ್ನ ಹೆಂಡತಿ ಮುತ್ತಮ್ಮ ಒಲೆಯ ಮೇಲೆ ಹಾಲಿಟ್ಟಳು. ಎಲೆ ಅಡಿಕೆ ತರುವುದು ಅವರ ಕೆಲಸ. ಆದರೂ ಪೇಟೆಯಲ್ಲಿರುವವರು, ಮರೆತಿದ್ದರೆ ಮುಜುಗರವಾಗದಿರಲಿ ಎಂದು ನಮ್ಮ ಮನೆಯ ಹಿತ್ತಾಳೆ ತಟ್ಟೆಯನ್ನೇ ಅವರ ಎದುರಿಗೆ ತಳ್ಳಿಟ್ಟೆ. ಅದರಲ್ಲಿ ಎಲೆ ಇತ್ತು, ಅಡಿಕೆ ಇತ್ತು, ಸುಣ್ಣದ ಡಬ್ಬಿ ಇತ್ತು. ಎತ್ತಿ ನನ್ನ ಕೈಗಿಟ್ಟು ಒಂದು ಮಾತು ಹೇಳುವುದಷ್ಟೇ ಬಾಕಿ.

ಮೇಷ್ಟ್ರು ಕಾಫಿ ಕುಡಿದರು. ಗಂಟಲು ಸರಿಮಾಡಿಕೊಂಡರು. ನಾನು ಸೂರು ನೋಡಲು ತಯಾರಾದೆ.

"ಭಾವ, ಅರ್ಜು ಅವತ್ತು ಅಂದಿದ್ದರಲ್ಲಿ ತಪ್ಪಿಲ್ಲ. ಅಂಕಲ್ ಅಂದ್ರೆ ನಿಜವಾಗ್ಲೂ ಸೋದರಮಾವಾನೇ" ಎಂದರು.

ಅಲ್ಲಿಂದ ಶುರುವಾಯಿತು. ಹಿಂದೆ ರೋಮಿನವರು ಲ್ಯಾಟಿನ್ ಎಂಬ ಭಾಷೆ ಆಡುತ್ತಿದ್ದರಂತೆ. ಅವರಿಗೂ ನಮ್ಮ ಹಾಗೆಯೇ ಅಪ್ಪನ ಅಣ್ಣತಮ್ಮಂದಿರು ಬೇರೆ, ಅಮ್ಮನ ಅಣ್ಣತಮ್ಮಂದಿರು ಬೇರೆ. ಅಪ್ಪನ ಕಡೆಯವನು ಪಾತ್ರುವುಸ್. ಅವನು ಬೈಯುವವನು, ಮಕ್ಕಳಿಗೆ ಅವನನ್ನು ಕಂಡರೆ ನಡುಕ. ಅಮ್ಮನ ಕಡೆಯವನು ಅವುಂಕುಲುಸ್. ಅವುಸ್ ಎಂದರೆ ಅಜ್ಜ, ಅವುಂಕುಲುಸ್ ಎಂದರೆ ಪುಟ್ಟ ಅಜ್ಜ. ಮುದ್ದಿನ ಮಾತು. ಇಷ್ಟು ಹೇಳಿ ಮೇಷ್ಟ್ರು ನಮ್ಮ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದು ಚಾಪೆಯ ಮೇಲಿಟ್ಟು, ಇದು ಅಜ್ಜ ಎಂದರು. ಒಂದು ವೀಳ್ಯದೆಲೆ ತೆಗೆದು ಅದರ ಕೆಳಗಿಟ್ಟು, ಇದು ತಾಯಿ ಎಂದರು. ಎಲೆಯ ಪಕ್ಕ ಒಂದು ಅಡಿಕೆ ಹೋಳಿಟ್ಟು ನನ್ನ ಕಡೆ ಕೈ ತೋರಿಸಿದರು.

"ಇದು ನೀವು."

ಆಗಲಿ ಎಂದು ಕೇಳುತ್ತಾ ಕೂತೆ. ಆಮೇಲೆ ಅವರು ಎರಡೂ ಕೈಯಿಂದ ತಟ್ಟೆಯನ್ನೇ ಎತ್ತಿದರು. ನಾನು ನೆಟ್ಟಗೆ ಕೂತು ಪಂಚೆ ಸರಿಮಾಡಿಕೊಂಡೆ. ಒಳಗಿಂದ ಮುತ್ತಮ್ಮ ಸೆರಗು ಹೊದ್ದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಕೈ ಮುಂದೆ ಚಾಚುವುದಕ್ಕೂ ಅವರು ತಟ್ಟೆಯನ್ನು ತಮ್ಮ ಎಡಗಡೆ ಇಟ್ಟುಕೊಳ್ಳುವುದಕ್ಕೂ ಸರಿಹೋಯಿತು.

"ಇದು ಫ್ರಾನ್ಸ್ ಅಂತ ಇಟ್ಕೊಳ್ಳಿ" ಎಂದರು.

ಫ್ರಾನ್ಸಿನವರ ಬಾಯಲ್ಲಿ ಅವುಂಕುಲುಸ್ ಸವೆದು ಸವೆದು ಓಂಕ್ಲ್ ಆಯಿತಂತೆ. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಅಂಕಲ್ ಆಯಿತು. ಇಂಗ್ಲೆಂಡಿನಲ್ಲಿ ಮೊದಲು ಸೋದರಮಾವನಿಗೆ ಅವರದೇ ಪದ ಒಂದಿತ್ತು, ಅದು ಸತ್ತಿತು. ಜರ್ಮನಿಯಲ್ಲಿ ಓಹೈಮ್ ಎನ್ನುತ್ತಿದ್ದರು. ಫ್ರಾನ್ಸಿನ ಶೋಕಿ ಬಂದು ಅಲ್ಲೂ ಓಂಕೆಲ್ ಆಯಿತು. ಅಪ್ಪನ ಕಡೆಯವನ ಪದವೂ ಅಲ್ಲೆಲ್ಲ ಹೋಯಿತು. ಕಡೆಗೆ ಸೋದರಮಾವನ ಪದವೇ ದೊಡ್ಡಪ್ಪ, ಚಿಕ್ಕಪ್ಪ ಎಲ್ಲರನ್ನೂ ನುಂಗಿ ಕೂತಿತು. ಸ್ಪೇನಿನವರು ತೀಯೊ ಎನ್ನುತ್ತಾರೆ, ಇಟಲಿಯವರು ಜೀಯೊ ಎನ್ನುತ್ತಾರೆ, ಅದು ಗ್ರೀಕರಿಂದ ಬಂದದ್ದು, ಅದರ ದಾರಿ ಬೇರೆ. ಸ್ವೀಡನ್ನಿನವರು ಮಾತ್ರ ಇವತ್ತಿಗೂ ತಾಯಿಯ ಅಣ್ಣತಮ್ಮ ಎನ್ನುವುದನ್ನೇ ಒಂದು ಪದ ಮಾಡಿ ಮೂರ್‌ಬ್ರೂರ್ ಎನ್ನುತ್ತಾರಂತೆ. ಒಂದೊಂದು ದೇಶಕ್ಕೂ ಒಂದೊಂದು ಅಡಿಕೆ ಹೋಳು. ನಮ್ಮ ಚಾಪೆಯ ಮೇಲೆ ಕಾಲಿಡಲು ಜಾಗ ಇರಲಿಲ್ಲ.

ಆಂಟಿ ಎಂಬ ಪದವೂ ಹೀಗೆಯೇ, ಮೊದಲು ಅಪ್ಪನ ತಂಗಿಗೆ, ಅಂದರೆ ಸೋದರತ್ತೆಗೆ ಮಾತ್ರ ಇದ್ದದ್ದು ಎಂದರು. ಮುತ್ತಮ್ಮನಿಗೆ ಇದು ಹಿಡಿಸಿತು. ಡೈರಿ ಹತ್ತಿರ ಕಾಲೇಜು ಹುಡುಗಿಯರು ಆಂಟಿ ಎಂದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದವಳು ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು. ನನಗೆ ಮೈ ಉರಿಯಿತು.

"ಅಂಗಾರೆ ಆ ಗ್ಯಾಸ್ನೋನೂ ಅವನ್ಗೆ ಸೋದ್ರಮಾವನಾ?" ಎಂದೆ.

ಮೇಷ್ಟ್ರಿಗೆ ಎಷ್ಟು ಸಂತೋಷವಾಯಿತೆಂದರೆ, ಕ್ಲಾಸಿನಲ್ಲಿ ದಡ್ಡ ಹುಡುಗ ಸರಿಯಾದ ಪ್ರಶ್ನೆ ಕೇಳಿದ ಹಾಗೆ ನನ್ನ ಮೊಣಕಾಲು ತಟ್ಟಿದರು. ಅದೇ ತಪ್ಪು, ಬೇರೆಯವರನ್ನು ಅಂಕಲ್ ಎನ್ನುವುದು ತಪ್ಪು, ನಿಮ್ಮನ್ನು ಎನ್ನುವುದೇ ಸರಿ ಎಂದರು. ನಾನು ತಲೆ ಆಡಿಸಿದೆ. ಆಯಿತು, ರೋಮು ಮುಗಿಯಿತಲ್ಲ, ಇನ್ನು ಬಂದ ಕೆಲಸ ಮಾಡಿ ಎಂಬ ಅರ್ಥದಲ್ಲಿ ಆಡಿಸಿದೆ. ಮೇಷ್ಟ್ರು ಸಮಾಧಾನದ ಉಸಿರು ಬಿಟ್ಟರು. ಎಲೆಗೆ ಸುಣ್ಣ ಸವರಿದರು. ಜರ್ಮನಿಯನ್ನೂ ಇಂಗ್ಲೆಂಡನ್ನೂ ಎಲೆಯಲ್ಲಿ ಮಡಿಸಿ ಬಾಯಿಗೆ ಹಾಕಿಕೊಂಡರು. ಬರುತ್ತೇನೆ ಭಾವ ಎಂದು ಬೈಕ್ ಹತ್ತಿ ಹೊರಟೇಹೋದರು.

ನಾನೂ ಮುತ್ತಮ್ಮನೂ ತಟ್ಟೆ ನೋಡುತ್ತಾ ನಿಂತೆವು.

ಕರೆದರಾ ಎಂದು ಅವಳು ಕೇಳಿದಳು. ನೀನೂ ಇಲ್ಲೇ ಇದ್ದೆಯಲ್ಲ, ಕಿವಿ ಇರಲಿಲ್ಲವಾ ಎಂದೆ. ಅವಳನ್ನು ಪವಿತ್ರಾ ಆಗಲೇ ಕರೆದಾಗಿತ್ತು. ಒಂದು ಫೋನು ಮಾಡಿ ಕೇಳಿಬಿಡುತ್ತೇನೆ ಎಂದಳು ಮುತ್ತಮ್ಮ. ಕೇಳಿ ಕರೆಸಿಕೊಳ್ಳುವುದಕ್ಕೆ ನಾನೇನು ಮದುವೆ ಮನೆಯ ಮುಂದೆ ಎಲೆ ಕಾಯುವವನಾ ಎಂದು ಬೈದೆ. ನಿಮ್ಮ ನಿಮ್ಮಲ್ಲಿ ಏನಾದರೂ ಮಾಡಿಕೊಳ್ಳಿ, ಇಬ್ಬರ ನಡುವೆ ನಾನು ಬರುವುದಿಲ್ಲ ಎಂದು ಅವಳು ಹಸು ಬಿಚ್ಚಲು ಹೋದಳು. ಅತ್ತ ಮೇಷ್ಟ್ರು ಮನೆಗೆ ಹೋಗಿ, ಭಾವ ಎಲ್ಲ ಕೇಳಿಕೊಂಡರು, ಒಪ್ಪಿದರು, ತಲೆಯನ್ನೂ ಆಡಿಸಿದರು ಎಂದು ಪವಿತ್ರಾಳಿಗೆ ಹೇಳಿದ್ದರಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಸೋಮವಾರ ಮುತ್ತಮ್ಮ ಮೊದಲ ಬಸ್ಸಿಗೆ ನಂಜನಗೂಡಿಗೆ ಹೋದಳು. ಹುಡುಗನಿಗೆ ಸೋದರಮಾವ ಕೊಡಬೇಕಾದ ಹೊಸ ಬಟ್ಟೆ, ಬೆಳ್ಳಿ ಉಡುದಾರ ಇದ್ದ ಚೀಲವನ್ನು ಬಾಗಿಲ ಪಕ್ಕದ ಮೊಳೆಗೆ ತಗುಲಿಹಾಕಿ, ನನ್ನ ಮುಖ ನೋಡದೆ ಹೋದಳು. ಆ ಉಡುದಾರವನ್ನು ಹುಲ್ಲಹಳ್ಳಿಯ ಆಚಾರಿಯ ಹತ್ತಿರ ಎದುರಿಗೆ ಕೂತು ಮಾಡಿಸಿದ್ದೆ. ಮನೆಯಲ್ಲೇ ಬಿಟ್ಟರೆ ಇಲಿ ಬಟ್ಟೆ ಕಡಿದೀತು ಎಂದು ಚೀಲ ಹೆಗಲಿಗೆ ಹಾಕಿಕೊಂಡೆ. ಹಿಂಡಿ ಮುಗಿದಿತ್ತು. ಹಿಂಡಿ ನಮ್ಮೂರ ಡೈರಿಯಲ್ಲೂ ಸಿಗುತ್ತದೆ. ನಂಜನಗೂಡಿನದು ಒಳ್ಳೆಯದಿರುತ್ತದೆ ಎಂದು ನಂಜನಗೂಡಿಗೇ ಹೋದೆ.

ಹಿಂಡಿ ಅಂಗಡಿ ತೆರೆದಿರಲಿಲ್ಲ. ಕಾಲು ತಾನಾಗಿ ಹೊಳೆ ಕಡೆಗೆ ಹೋಯಿತು. ಸ್ನಾನಘಟ್ಟದ ಮೇಲಿನ ಕಾಯಿ ಅಂಗಡಿಯ ಹತ್ತಿರ ನಿಂತು ತೆಂಗಿನಕಾಯಿ ಆರಿಸುವವನ ಹಾಗೆ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾ ಕೆಳಗೆ ನೋಡಿದೆ. ಸೋಮವಾರದ ಜನ. ಎಲ್ಲರೂ ಅಲ್ಲೇ ಇದ್ದರು. ಪವಿತ್ರಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಅರ್ಜು ಜಡೆ ಬಿಚ್ಚಿಸಿಕೊಂಡು ಒದ್ದೆ ತಲೆಯಲ್ಲಿ ನಿಂತಿದ್ದ. ಕ್ಷೌರದ ಹುಚ್ಚಯ್ಯ ಕತ್ತಿಗೆ ಬ್ಲೇಡು ಹಾಕಿಕೊಂಡು, ಯಮಗಂಡ ಬರುತ್ತದೆ, ಸೋದರಮಾವ ಯಾರು ಬೇಗ ಕೂರಿ ಎಂದು ಅವಸರ ಮಾಡುತ್ತಿದ್ದ. ಮೇಷ್ಟ್ರು ಕಿವಿಗೆ ಫೋನು ಹಿಡಿದು ಅತ್ತಿತ್ತ ತಿರುಗಾಡುತ್ತಿದ್ದರು. ಮತ್ತೆ ನೋಡುತ್ತೇನೆ, ಹೆಮ್ಮರಗಾಲದ ಶಂಭುಲಿಂಗಪ್ಪ, ನಮ್ಮ ಚಿಕ್ಕಪ್ಪನ ಮಗ, ಪಂಚೆ ಎತ್ತಿ ಕಟ್ಟಿ, ತೊಡೆಯ ಮೇಲೆ ಟವೆಲ್ ಹಾಸಿಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದ. ಊಟಕ್ಕೆಂದು ಬಂದಿದ್ದವನು. ಅವನ ಮುಖದಲ್ಲಿದ್ದ ಗತ್ತು ಮೇಲಿನ ಮೆಟ್ಟಿಲಿಗೂ ಕಾಣುತ್ತಿತ್ತು.

ಅವನ ತೊಡೆಯ ಮೇಲೆ ಒಂದು ಎಳೆ ಕೂದಲು ಬಿದ್ದರೂ ಮುಗಿಯಿತು. ನಾಳೆ ಹಸೆಮಣೆಗೂ ಅವನೇ. ಪಂಕ್ತಿಯ ಮೊದಲ ಎಲೆಯೂ ಅವನಿಗೇ. ನಾನು ಎಲ್ಲೋ ನಡುವೆ ಕೂತು ಉಪ್ಪಿನಕಾಯಿ ಕೇಳಬೇಕು. ಕೈಯಲ್ಲಿದ್ದ ಕಾಯಿ ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ಕೆಳಗಿಳಿಯಲಿಲ್ಲ. ಕರೆಯದೆ ಹೇಗೆ ಇಳಿಯುವುದು?

ಆಗ ನನ್ನ ಫೋನು ಹೊಡೆದುಕೊಂಡಿತು. ಗದ್ದೆಯಲ್ಲಿ ಮೋಟಾರಿನ ಸದ್ದಿನ ನಡುವೆಯೂ ಕೇಳಬೇಕೆಂದು ಅದನ್ನು ಪೂರ್ತಿ ಜೋರಾಗಿ ಇಟ್ಟಿದ್ದೆ. ಒಂದು ಕೈಯಲ್ಲಿ ಕಾಯಿ, ಹೆಗಲಿನಲ್ಲಿ ಚೀಲ, ಫೋನು ಒಳಜೇಬಿನಲ್ಲಿ. ಅದನ್ನು ತೆಗೆದು ಬಾಯಿ ಮುಚ್ಚಿಸುವಷ್ಟರಲ್ಲಿ ಸ್ನಾನ ಮಾಡುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದ್ದರು. ಮೇಷ್ಟ್ರೂ ನೋಡಿದರು.

ಒದ್ದೆ ಕಾಲಿನಲ್ಲೇ ಮೆಟ್ಟಿಲು ಹತ್ತಿ ಬಂದರು. ಅವರ ಹಿಂದೆ ಪವಿತ್ರಾ. ಅವಳ ಹಿಂದೆ ನನ್ನ ಹೆಂಡತಿ, ಏನೂ ಗೊತ್ತಿಲ್ಲದವಳ ಹಾಗೆ.

"ಇಲ್ಲೇ ಇದ್ದೀರಲ್ಲ ಭಾವ, ಅಲ್ಲಿ ನಿಮಗೋಸ್ಕರ ಕಾಯ್ತಾ ಇದ್ದೀವಿ. ನಿನ್ನೆ ಎಲ್ಲಾ ಹೇಳಿದ್ನಲ್ಲ, ನೀವೂ ತಲೆ ಆಡಿಸಿದ್ರಿ" ಎಂದರು ಮೇಷ್ಟ್ರು. ಅವರಿಗೆ ಏದುಸಿರು ಬರುತ್ತಿತ್ತು.

"ಏನ್ ಹೇಳುದ್ರಿ? ರೋಮ್ ಹೇಳುದ್ರಿ. ಫ್ರಾನ್ಸ್ ಹೇಳುದ್ರಿ. ಸ್ವೀಡನ್ನೋರು ಏನಂತಾರೆ ಅಂತ್ಲೂ ಹೇಳುದ್ರಿ. ಅಷ್ಟು ದೇಸ ಸುತ್ಕೊಂಡು ಬಂದ್ರಲ್ಲ ಮೇಷ್ಟ್ರೇ, ಬನ್ನಿ ಅನ್ನಕ್ಕೆ ಅದ್ರಾಗೆ ಒಂದು ಭಾಷೇಲೂ ಮಾತಿರ್‍ನಿಲ್ವಾ?"

ಮೇಷ್ಟ್ರ ಮುಖ ನೋಡಿದರೆ ನಿನ್ನೆಯ ಚಾಪೆಯನ್ನು ಮತ್ತೆ ಹಾಸಿಕೊಂಡು ಹುಡುಕುತ್ತಿರುವ ಹಾಗಿತ್ತು. ಸುಣ್ಣದ ಡಬ್ಬಿ, ಎಲೆ, ಅಡಿಕೆ, ಎಲ್ಲ ಇತ್ತು, ಆ ಮಾತು ಇರಲಿಲ್ಲ. ಅವರ ಕಿವಿ ಕೆಂಪಾಯಿತು.

"ನೀವು ಕರೀನೇ ಇಲ್ವಾ ಇವರನ್ನ?" ಎಂದು ಪವಿತ್ರಾ ಗಂಡನ ಕಡೆ ತಿರುಗಿದಳು. ಅವಳ ಅಳು ನಿಂತು ಬೇರೆ ಏನೋ ಶುರುವಾಗುವುದರಲ್ಲಿತ್ತು.

"ಕರೆಯೋದಕ್ಕೇ ಹೋಗಿದ್ದು ಕಣೇ" ಎಂದರು ಮೇಷ್ಟ್ರು ಮೆಲ್ಲಗೆ. ಕಾಯಿ ಅಂಗಡಿಯ ಹೆಂಗಸಿನ ಹತ್ತಿರ ಒಂದು ಕಟ್ಟು ಎಲೆ, ಅಡಿಕೆ ತೆಗೆದುಕೊಂಡರು. ತಟ್ಟೆ ಇರಲಿಲ್ಲ. ಅವಳ ತಕ್ಕಡಿಯ ತಟ್ಟೆಯನ್ನೇ ಕೇಳಿ ಬಿಚ್ಚಿಸಿಕೊಂಡು ಅದರಲ್ಲಿಟ್ಟರು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು.

"ಭಾವ, ಬಂದು ನಡೆಸ್ಕೊಡಿ" ಎಂದರು. ಒಂದು ಗಳಿಗೆ ಬಿಟ್ಟು, "ನೋಡಿ, ಈ ಎಲೇನ ಇಂಗ್ಲಿಷ್‌ನಲ್ಲಿ ಬೀಟಲ್ ಅಂತಾರಲ್ಲ, ಆ ಪದಾನೂ ಪೋರ್ಚುಗೀಸರು—"

"ರೀ" ಎಂದಳು ಪವಿತ್ರಾ. ಅವರು ನಿಲ್ಲಿಸಿದರು.

ಸೂರು ಇರಲಿಲ್ಲ, ಹೊಳೆಯ ಆಚೆ ದಡ ನೋಡಿದೆ. ಕೆಳಗಿಂದ ಹುಚ್ಚಯ್ಯ ಕೂಗು ಹಾಕಿದ. ತೆಗೆದುಕೊಂಡೆ.

ಶಂಭುಲಿಂಗಪ್ಪ ಏಳುವಾಗ ನನ್ನ ಕೈಯಲ್ಲಿದ್ದ ಕಾಯಿ ನೋಡಿ, "ಒಂದ್ ಕಾಯಿ ಆರ್‍ಸಕ್ಕೆ ಇಷ್ಟೊತ್ತು ಬೇಕಾಯ್ತೇನ್ಲಾ ದೇವ್ರಾಜ" ಎಂದ. ಟವೆಲ್ ಕೊಡದೆ ಹೋದ. ನಾನು ನನ್ನ ಹೊಸ ಪಂಚೆಯ ಮೇಲೇ ಹುಡುಗನನ್ನು ಕೂರಿಸಿಕೊಂಡೆ. ತಣ್ಣೀರಿಗೆ ಅವನ ಮೈಯೆಲ್ಲ ನಡುಗುತ್ತಿತ್ತು. ಕತ್ತಿ ಕಂಡದ್ದೇ ತಡ, ತಿರುಗಿ ನನ್ನ ಅಂಗಿಯನ್ನು ಎರಡೂ ಮುಷ್ಟಿಯಲ್ಲಿ ಹಿಡಿದ.

"ಅಂಕಲ್, ನೋಯುತ್ತಾ?"

"ಇಲ್ಲ ಕಣ್ಲಾ. ಕಣ್ ಮುಚ್ಕೊ."

ಮುಚ್ಚಿಕೊಂಡ. ಮೊದಲ ಕೂದಲು ನನ್ನ ತೊಡೆಯ ಮೇಲೆ ಬಿತ್ತು. ಆಮೇಲೆ ಹುಡುಗ ಊರು ಕೇಳುವ ಹಾಗೆ ಅತ್ತ, ಹುಚ್ಚಯ್ಯ ಬೈದ, ನಾನು ಹುಚ್ಚಯ್ಯನಿಗೆ ಬೈದೆ. ಅವನ ತಲೆಯನ್ನು ಅಲ್ಲಾಡದ ಹಾಗೆ ಹಿಡಿದಿಟ್ಟುಕೊಂಡಿದ್ದ ನನ್ನ ಅಂಗೈಗೆ ಬುರುಡೆಯ ಕಾವು ತಗುಲುತ್ತಿತ್ತು. ಯಮಗಂಡಕ್ಕೆ ಮೊದಲೇ ಕೆಲಸ ಮುಗಿಯಿತು. ಉಡುದಾರ ಒಂದು ಗೇಣು ದೊಡ್ಡದಾಗಿತ್ತು. ಬೆಳೆಯುವ ಹುಡುಗ ಎಂದೆ.

ದೇವಸ್ಥಾನ ಮುಗಿಸಿ ಊಟಕ್ಕೆ ಹೊರಟಾಗ ಅರ್ಜು ನನ್ನ ಬೆರಳು ಹಿಡಿದು ನಡೆಯುತ್ತಿದ್ದ. ಬೋಳು ತಲೆಗೆ ಗಂಧ ಬಳಿದಿತ್ತು. ದಾರಿಯಲ್ಲಿ ಬಲೂನಿನವನು ನಿಂತಿದ್ದ. ಹುಡುಗ ನನ್ನ ಬೆರಳು ಬಿಟ್ಟು ಅವನತ್ತ ಓಡಿ, "ಅಂಕಲ್, ಅಂಕಲ್, ಆ ಕೆಂಪುದು" ಎಂದ.

ನನಗೆ ಪಿತ್ತ ನೆತ್ತಿಗೇರಿತು. ಇಷ್ಟೆಲ್ಲ ಆದ ಮೇಲೂ. ಅವನ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ.

"ಲೇ ಅರ್ಜು, ಇಲ್ ಕೇಳು. ಅವ್ರು ಅಂಕಲ್ ಅಲ್ಲ. ಗ್ಯಾಸ್ನೋರೂ ಅಲ್ಲ, ಕೇಬಲ್ನೋರೂ ಅಲ್ಲ. ಅವರ್‍ನೆಲ್ಲ ಅಣ್ಣ ಅನ್ನು, ತಾತ ಅನ್ನು, ಮಾವ ಅನ್ನು, ಏನಾರ ಅನ್ಕೊ. ಅಂಕಲ್ ಅಂದ್ರೆ ನಾನೊಬ್ನೇ. ತಿಳೀತಾ?"

ಹುಡುಗ ದೊಡ್ಡದಾಗಿ ತಲೆ ಆಡಿಸಿದ. ಹಿಂದೆ ಬರುತ್ತಿದ್ದ ಮೇಷ್ಟ್ರ ಮುಖ ಅರಳಿತು. ಅವರು ಬಾಯಿ ತೆರೆಯುವುದನ್ನು ಕಂಡು ಕೈ ಅಡ್ಡ ಹಿಡಿದೆ.

ಅರ್ಜು ಬಲೂನಿನವನ ಕಡೆ ತಿರುಗಿದ. ನಾನು ಹೇಳಿದ್ದರಲ್ಲಿ ಒಂದನ್ನು ಯೋಚಿಸಿ ಆರಿಸಿಕೊಂಡ.

"ಮಾವ, ನಂಗೆ ಆ ಕೆಂಪು ಬಲೂನ್ ಕೊಡಿ. ನಮ್ಮ ಅಂಕಲ್ ದುಡ್ಡು ಕೊಡ್ತಾರೆ."

ಮುತ್ತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು. ನಾನು ಜೇಬಿಗೆ ಕೈ ಹಾಕಿದೆ.